ಚೊಕ್ಕ ತೊಟ್ಟಿ

ಕಿತ್ತಳೆ ತೊಳೆದು ಪೆಟ್ಟಿಗೆ ತುಂಬುವ ಶೆಡ್ಡಿನಲ್ಲಿ ತೊಟ್ಟಿ ಉಜ್ಜಿ ನೀರು ತುಂಬಿಸುವ ಕೆಲಸ ನನ್ನದು. ಇಪ್ಪತ್ತು ವರ್ಷವಾಯಿತು. ನನ್ನ ತೊಟ್ಟಿಯಲ್ಲಿ ಒಂದೆಳೆ ಪಾಚಿ ತೋರಿಸಿ ನೋಡೋಣ ಎನ್ನುವಷ್ಟು ಜಂಬ. ಆ ಜಂಬಕ್ಕೆ ಬೆಂಕಿ ಬೀಳಲಿ!

ಅದೇ ತೊಟ್ಟಿಯಲ್ಲಿ ಹಣ್ಣನ್ನು ಬೂಷ್ಟು ಹಿಡಿಯದಂತೆ ಔಷಧಿಗೆ ಅದ್ದುವವಳು ನನ್ನ ತಂಗಿ. ಅದು ಅವಳ ಮೈಗೆ ಆಗಿಬರುವುದಿಲ್ಲ. ಗವಸಿನೊಳಕ್ಕೂ ಇಳಿದು, ಬೆರಳಸಂದಿ ಬಿರಿದು ರಕ್ತ ಜಿನುಗುತ್ತದೆ. ಜಡೆ ಹಾಕಿಕೊಳ್ಳಲೂ ನನ್ನನ್ನೇ ಕರೆಯುತ್ತಾಳೆ.

ಹೀಗಿರುವಾಗ ಪ್ರಯೋಗಾಲಯದ ಮೇಡಂ ಒಬ್ಬರು ಬಂದರು. ಹಣ್ಣಿನ ಸಿಪ್ಪೆಯ ಮೇಲೇ ಇರುವ ಒಂದು ಯೀಸ್ಟನ್ನು ಬೆಳೆಸಿದ್ದಾರಂತೆ. ನೀರಿಗೆ ಕಲಸಿ ಅದ್ದಿದರೆ ಬೂಷ್ಟಿಗೆ ಕಾಲೂರಲು ಜಾಗವೇ ಸಿಗುವುದಿಲ್ಲ, ಕೈಗೂ ಏನೂ ಆಗುವುದಿಲ್ಲ ಎಂದರು. ತಂಗಿ ಯಜಮಾನರ ಬೆನ್ನುಬಿದ್ದಳು.

"ಒಂದೇ ಸಲ ನೋಡ್ತೀನಿ. ನೂರು ಪೆಟ್ಟಿಗೆ, ಮೂರು ವಾರ. ಕೊಳೀತೋ, ಮತ್ತೆ ಈ ಮಾತು ಎತ್ಬಾರ್ದು," ಎಂದರು ಯಜಮಾನರು.

ಯೀಸ್ಟ್ ನೀರಿಗೆ ಅದ್ದಿದ ಹಣ್ಣು ತಂಪುಕೋಣೆ ಸೇರಿತು. ಆ ಮೂರು ವಾರ ತಂಗಿಯನ್ನು ಲೇಬಲ್ ಅಂಟಿಸಲು ಹಾಕಿದ್ದರು, ಬಿರುಕು ಮಾಯ್ದವು. ಒಂದು ಬೆಳಿಗ್ಗೆ ತಾನೇ ಜಡೆ ಹೆಣೆದುಕೊಂಡು ಬಂದು, "ನೋಡೇ ಅಕ್ಕ," ಎಂದು ಬೆನ್ನು ತಿರುಗಿಸಿದಳು.

"ಹಗ್ಗ ಹೊಸೆದ್ಹಾಗಿದೆ," ಎಂದು ರೇಗಿಸಿದೆ. ಮನಸ್ಸು ತುಂಬಿಬಂದಿತ್ತು.

ಮೂರು ವಾರ ಕಳೆದು ಪೆಟ್ಟಿಗೆ ತೆರೆದರೆ ಅರ್ಧಕ್ಕರ್ಧ ಹಸಿರು ಬೂಷ್ಟು.

ಮೇಡಂ ಮುಖ ಸಪ್ಪೆಯಾಯಿತು. "ಯೀಸ್ಟಿಗೆ ಜೀವ ಇರುತ್ತೆ. ನೀರಿಗೆ ಬೇರೇನಾದ್ರೂ ಹಾಕಿದ್ರಾ?"

ತೊಟ್ಟಿ ತುಂಬಿದ ಮೇಲೆ ಎರಡು ಹಿಡಿ ಬ್ಲೀಚಿಂಗ್ ಪೌಡರ್ ಹಾಕುವುದು ನನ್ನ ರೂಢಿ. ಯೀಸ್ಟ್ ಕಲಸಿದ ದಿನ ತಂಗಿಯ ಹೊಸ ಔಷಧಿಗೆ ಕೊಳೆ ಸೋಕದಿರಲಿ ಎಂದು ಒಂದು ಹಿಡಿ ಜಾಸ್ತಿಯೇ ಹಾಕಿದ್ದೆ.

"ಯಜಮಾನ್ರೇ, ನಾನು ಬ್ಲೀಚಿಂಗ್ ಹಾಕ್ಬಿಟ್ಟೆ. ತಪ್ಪು ನಂದು, ಔಷಧೀದಲ್ಲ. ಇನ್ನೊಂದೇ ಸಲ ನೋಡಿ, ನಿಮ್ಮ ಕಾಲಿಗೆ ಬೀಳ್ತೀನಿ."

ಅವರು ಕೂಗಾಡಿದ್ದರೆ ಎಷ್ಟೋ ಚೆನ್ನಾಗಿತ್ತು. "ನೀನು ಹಾಕ್ದೇ ಇದ್ದಿದ್ರೆ ನಾನೇ ಬೈತಿದ್ದೆ. ಬ್ಲೀಚಿಂಗ್ ಇಲ್ದೆ ಈ ನೀರು ಬಳಸೋಕಾಗುತ್ತಾ? ಅಷ್ಟಕ್ಕೇ ಸಾಯೋದನ್ನ ನಂಬ್ಕೊಂಡು ನಾನು ಮಾಲು ಕಳಿಸ್ಲಾ?"

ಮೇಡಂ ತಮ್ಮ ಸಾಮಾನು ಎತ್ತಿಕೊಂಡು ಹೊರಟರು. ಮಧ್ಯಾಹ್ನಕ್ಕೇ ಹಳೆಯ ಔಷಧಿಯ ಡ್ರಮ್ಮು ಬಂತು.

ತಂಗಿ ಗವಸು ಏರಿಸುತ್ತಿದ್ದಳು. "ಬೈಯೇ. ನಾಲ್ಕು ಮಾತಾದ್ರೂ ಬೈಯೇ," ಎಂದೆ.

"ಬೈದ್ರೆ ಏನಾಗುತ್ತೆ, ಬಿಡು," ಎಂದಳು. "ತೊಟ್ಟಿ ತೊಳ್ಕೊಡು ಅಕ್ಕ, ಹೊತ್ತಾಯ್ತು."

ತೊಳೆದುಕೊಟ್ಟೆ. ಇನ್ನೇನು ಮಾಡಲಿ?