ಮೆಟ್ಟಿಲ ತಿರುವಿನಲ್ಲಿ

“ತಲೆ ಕಡೆ ಎತ್ತಿ... ಗೋಡೆಗೆ ತಾಗುತ್ತೆ, ನಿಧಾನ!”

ಖಾಲಿ ಚಟ್ಟವನ್ನು ಮಹಡಿಗೆ ಹತ್ತಿಸುತ್ತಿದ್ದ ಚಿಕ್ಕಪ್ಪ ತಿರುವಿನಲ್ಲಿ ಸಿಕ್ಕಿಕೊಂಡು ಏದುಸಿರು ಬಿಟ್ಟ. “ಊರಿನ ತಾಯಂದಿರಿಗೆಲ್ಲ ಮೆಟ್ಟಿಲು ತಪ್ಪಿಸಿದ ಅಣ್ಣ, ತಾನು ಮಾತ್ರ ಈ ಇಕ್ಕಟ್ಟಲ್ಲೇ ಮನೆ ಮಾಡಿದ ನೋಡಿ,” ಎಂದು ಕಣ್ಣೊರೆಸಿಕೊಂಡ.

ಬಾಗಿಲಲ್ಲಿ ನಿಂತಿದ್ದ, ತೀರಿಕೊಂಡ ಅಣ್ಣನ ಮಗಳು ಅಳಲಿಲ್ಲ. ಅಪ್ಪ ಯೋಜನಾ ಇಲಾಖೆಯಲ್ಲಿದ್ದವರು. ಬಡ ಕುಟುಂಬಗಳಿಗೆ ನೆರವಿನ ಯೋಜನೆ ರೂಪಿಸುವುದು, ಅದಕ್ಕೆ ಸರ್ಕಾರದಿಂದ ಹಣ ಮಂಜೂರು ಮಾಡಿಸುವುದು, ಇದರಲ್ಲೇ ಕೂದಲು ನರೆಯಿತು. ಮಾತು ಕಮ್ಮಿ, ಮುದ್ದು ಇನ್ನೂ ಕಮ್ಮಿ.

ಒಳಗೆ ಕೂತಿದ್ದ ನಿವೃತ್ತ ಮೇಲಧಿಕಾರಿ ಅವಳನ್ನು ಗುರುತು ಹಿಡಿದರು. “ಹಣಕಾಸಿನ ಸಾಹೇಬರ ಕೈಲಿ ಹೊರಿಸಿದ ಮಗು ನೀನೇ ಅಲ್ವಾ?”

“ಹೌದು ಅಂಕಲ್. ಆ ತೂಕದ ಕಲ್ಲು ನಾನೇ.”

*

ಆಗ ನೆರವಿನ ಕೌಂಟರ್ ಕಚೇರಿಯ ತುತ್ತತುದಿಯ ಮಹಡಿಯಲ್ಲಿತ್ತು. ಕಂಕುಳಲ್ಲೊಂದು ಕೂಸು, ಕೈಯಲ್ಲೊಂದು ಚೀಲ ಹಿಡಿದ ಹೆಂಗಸರು ಹತ್ತಿ ಹತ್ತಿ ಸೋಲುತ್ತಿದ್ದರು. ಕೌಂಟರ್ ಕೆಳಗಿರಲಿ, ಪಕ್ಕದಲ್ಲಿ ಮಕ್ಕಳಿಗೊಂದು ಕೋಣೆಯಿರಲಿ ಎಂದು ಅಪ್ಪ ಬಜೆಟ್ಟಿನಲ್ಲಿ ಕೇಳಿದಾಗಲೆಲ್ಲ ಹಣಕಾಸಿನವರು ಗೀಟು ಹೊಡೆಯುತ್ತಿದ್ದರು.

ಅಪ್ಪ ತಾಯಿಯಿಲ್ಲದ ಮಗಳನ್ನು ಶಾಲೆಯಿಂದ ನೇರ ಕಚೇರಿಗೆ ಕರೆತರುತ್ತಿದ್ದರು. ಮನೆಯಲ್ಲಿ ಎಂದೂ ಎತ್ತಿಕೊಳ್ಳದವರು, ಅಲ್ಲಿ ಅವಳನ್ನು ಸೊಂಟಕ್ಕೇರಿಸಿ, ಇನ್ನೊಂದು ಕೈಗೆ ಚೀಲ ಸಿಕ್ಕಿಸಿಕೊಂಡು ಮೆಟ್ಟಿಲು ಹತ್ತತೊಡಗಿದರು. ಆ ತಾಯಂದಿರಿಗೆ ಯಾವ ಮೆಟ್ಟಿಲಲ್ಲಿ ಕೈ ಸೋಲುತ್ತದೆ, ಎಲ್ಲಿ ಉಸಿರು ಕಟ್ಟುತ್ತದೆ ಎಂದು ತಾವೇ ತಿಳಿಯಬೇಕಿತ್ತು. ತಿರುವಿನಲ್ಲಿ ನಿಂತು, “ಈಗ ಈ ಕಡೆ ಬಾ ಕೂಸೇ,” ಎಂದು ಪಕ್ಕ ಬದಲಿಸುತ್ತಿದ್ದರು. ಅವಳ ಪಾಲಿಗೆ ಅದು ಅಜ್ಜಿಯ ಕತೆಯ ಏಳು ಸುತ್ತಿನ ಕೋಟೆ, ಅಪ್ಪ ರೆಕ್ಕೆಯ ಕುದುರೆ.

ಪರಿಶೀಲನೆಗೆ ಬಂದ ಹಣಕಾಸಿನ ಸಾಹೇಬರ ಕೈಗೂ ಅಪ್ಪ ಅವಳನ್ನು ದಾಟಿಸಿದರು. “ಒಂಚೂರು ಹಿಡ್ಕೊಳ್ಳಿ ಸಾರ್, ಕೈ ಹಿಡ್ಕೊಂಡಿದೆ.” ಮೇಲೆ ತಲುಪುವಷ್ಟರಲ್ಲಿ ಸಾಹೇಬರು ಬೆವರಿ ತೊಪ್ಪೆ. ಹಣ ಮಂಜೂರಾಯಿತು.

ದೊಡ್ಡವಳಾದ ಮೇಲೆ ಒಮ್ಮೆ, ನೆಂಟರೆದುರು ಅಪ್ಪ ಹೇಳಿದ್ದು ಅವಳ ಕಿವಿಗೆ ಬಿತ್ತು: “ಪರೀಕ್ಷೆಗೆ ಅಂತ ಎತ್ಕೊಂಡಿದ್ದು. ಇಲ್ದಿದ್ರೆ ಅಷ್ಟು ದೊಡ್ಡ ಹುಡುಗೀನ ಯಾರು ಹೊರ್ತಾರೆ?” ಎಲ್ಲರೂ ನಕ್ಕರು. ಅಂದು ಕುದುರೆಯ ರೆಕ್ಕೆ ಮುರಿಯಿತು.

*

“ತೂಕದ ಕಲ್ಲಾ?” ಮೂಲೆಯಲ್ಲಿದ್ದ ಕಚೇರಿಯ ಟೈಪಿಸ್ಟ್ ಆಂಟಿ ಮೂಗೊರೆಸಿಕೊಂಡು ತಿರುಗಿದರು. “ಏನು ಮಾತು ಅಂತ ಆಡ್ತೀಯೆ? ಕೌಂಟರ್ ಕೆಳಗೆ ಬಂದ್ಮೇಲೂ ನಿನ್ನ ಹೊತ್ಕೊಂಡೇ ಮೇಲೆ ಬರ್ತಿದ್ರು, ಗೊತ್ತಾ? ‘ಇನ್ನೂ ಯಾಕ್ ಸಾರ್, ಕೆಲ್ಸ ಆಯ್ತಲ್ಲ’ ಅಂತ ನಾನೇ ಛೇಡಿಸ್ತಿದ್ದೆ. ಕೆಮ್ಮಿ, ಆ ಕಡೆ ನೋಡ್ಕೊಂಡು, ‘ಇನ್ನೊಂದ್ಸಲ ಪರೀಕ್ಷೆ ಮಾಡ್ಬೇಕಮ್ಮ’ ಅನ್ನೋರು. ನಿನ್ನ ಕಾಲು ಅವರ ಮೊಣಕಾಲಿಗೆ ಬಡಿಯೋವರೆಗೂ ಅದೇ ಪರೀಕ್ಷೆ!”

ಮಗಳು ಅಪ್ಪನ ದೇಹದ ಪಕ್ಕ ಕೂತಳು. ಅಂಗಿಯ ಕಾಲರನ್ನು ಸರಿಮಾಡಿದಳು.

ಎತ್ತುವ ಹೊತ್ತಾದಾಗ ಎದ್ದು ಹೆಗಲು ಕೊಟ್ಟಳು.

“ನಿನ್ ಕೈಲಿ ಆಗಲ್ಲ ಪುಟ್ಟಿ, ಭಾರ,” ಎಂದ ಚಿಕ್ಕಪ್ಪ.

“ಇರ್ಲಿ ಚಿಕ್ಕಪ್ಪ.”

ಮೆಟ್ಟಿಲು ಮೆಟ್ಟಿಲಾಗಿ ಇಳಿದರು. ಹೆಗಲು ಉರಿಯತೊಡಗಿತು. ತಿರುವು ಬಂತು.

“ಒಂದ್ನಿಮಿಷ, ನಿಲ್ಲಿ.”

ಎಲ್ಲರೂ ನಿಂತರು. ಅವಳು ತಲೆ ಬಗ್ಗಿಸಿ ಚಟ್ಟದ ಕೆಳಗಿನಿಂದ ತೂರಿ, ಇನ್ನೊಂದು ಬದಿಗೆ ಬಂದು, ಆ ಹೆಗಲು ಒಡ್ಡಿದಳು.

“ಈಗ ಈ ಕಡೆ ಬಾ ಅಪ್ಪ,” ಎಂದಳು.