ಲೈಟ್ ಯಾವುದು, ಮೀಡಿಯಂ ಯಾವುದು?

ಮೇಸ್ತ್ರಿ ಗೋಡೆಯ ಮೇಲೆ ಮೊರದಗಲದ ಎರಡು ಚೌಕಗಳನ್ನು ಬಳಿದು, ಪಕ್ಕದ ಕೋಣೆಯಲ್ಲಿ ಗೋಡೆಗೆ ಪುಟ್ಟಿ ಮೆತ್ತುತ್ತಿದ್ದ ಪೇಂಟರನ್ನು, ತನ್ನ ತಂಗಿಯ ಗಂಡನನ್ನು, ಕರೆದ.

"ಭಾವ, ಬನ್ನಿ ಇಲ್ಲಿ. ಎರಡೂ ಬೇಜ್ ಬಣ್ಣಾನೇ. ಲೈಟ್ ಯಾವ್ದು, ಮೀಡಿಯಂ ಯಾವ್ದು, ಹೇಳಿ ನೋಡೋಣ."

ಪೇಂಟರ್ ನಕ್ಕ. "ಮೂವತ್ತು ವರ್ಷ ಗೋಡೆ ಬಳಿದವನಿಗೆ ಈಗ ಅಆಇಈ ಕಲಿಸ್ತೀಯಾ?"

"ಕಲಿಸಲ್ಲ, ಒಪ್ಪಿಸಿ ಅಂತೀನಿ. ನೀವು ಲೋಟಕ್ಕೆ ನೀರು ಬಗ್ಗಿಸಿದ್ರೆ ನೆಲಕ್ಕೆ ಬೀಳತ್ತಂತೆ. ತಂಗಿ ಅತ್ಕೊಂಡು ಫೋನ್ ಮಾಡಿದ್ಲು. ನಾಳೆ ಎಂಟನೇ ಮಹಡಿ, ಹಗ್ಗಕ್ಕೆ ಕಟ್ಟಿದ ಹಲಗೆ ಮೇಲೆ ಕೆಲಸ. ಕಣ್ಣು ಕಾಣದವರನ್ನ ನಾನು ಹತ್ತಿಸಲ್ಲ."

ಹತ್ತಿಸದಿದ್ದರೆ ಉಳಿಯುವುದು, ತಾನೇ ಕೈಹಿಡಿದು ಕಲಿಸಿದವರ ಕಾಲ ಬುಡದಲ್ಲಿ ಕುಳಿತು ಡಬ್ಬಿ ಕಲಕುವ ಕೆಲಸ. ಅದಕ್ಕಿಂತ ಸಾವೇ ಲೇಸೆಂದು ಪೇಂಟರ್ ಎಂದೋ ತೀರ್ಮಾನಿಸಿಬಿಟ್ಟಿದ್ದ.

ಬಾಗಿಲ ಕಡೆಯ ಚೌಕವನ್ನು ದಿಟ್ಟಿಸಿದ. ಆರು ತಿಂಗಳಿಂದ ಕಣ್ಣಿಗೆ ಕವಿದಿದ್ದ ಮಂಜು. ಕಿಟಕಿಯ ಕಡೆಯದಕ್ಕೆ ತಿರುಗಿದ. ಅದೇ ಮಂಜು. ಒಂದು ಹೆಜ್ಜೆ ಹಿಂದೆ ಸರಿದ.

"ಯಾಕೆ ಭಾವ, ಗೋಡೆ ಕಚ್ಚತ್ತಾ?"

"ತಾಳಯ್ಯ, ಒಣಗ್ಲಿ. ಹಸಿ ಬಣ್ಣ ಸುಳ್ಳು ಹೇಳತ್ತೆ."

"ಬಣ್ಣ ಹೇಳಲ್ಲ ಭಾವ, ಮನುಷ್ಯರು ಹೇಳ್ತಾರೆ."

ಅಷ್ಟರಲ್ಲಿ ಮನೆಯೊಡತಿ ಬಾಗಿಲಲ್ಲಿ ಇಣುಕಿದಳು. "ಅಯ್ಯೋ, ಎರಡೂ ಚೆನ್ನಾಗಿವೆಯಲ್ಲ! ಆದ್ರೂ ಕಿಟಕಿ ಪಕ್ಕದ್ದೇ ಇರ್ಲಿ ಮೇಸ್ತ್ರಿ. ಮಕ್ಕಳಿರೋ ಮನೆ. ಕೈಕೊಳೆ ಮೆತ್ತಿದ್ರೂ ಅದ್ರಲ್ಲಿ ಎದ್ದು ಕಾಣಲ್ಲ."

ಡಬ್ಬಿಯ ಮುಚ್ಚಳ ಬಡಿಯುತ್ತಿದ್ದ ಮೇಸ್ತ್ರಿ, "ಆಯ್ತಮ್ಮ" ಎಂದನಷ್ಟೆ. ಆ ಮಾತಿನ ಗುಟ್ಟು ಅವನಿಗೆ ಹೊಳೆಯಲಿಲ್ಲ. ಪೇಂಟರಿಗೆ ಹೊಳೆಯಿತು. ಕೊಳೆ ನುಂಗುವುದು ಗಾಢ ಬಣ್ಣವೇ ತಾನೆ!

"ಕಿಟಕಿ ಪಕ್ಕದ್ದು ಮೀಡಿಯಂ," ಎಂದು ಅವನು ಗತ್ತಿನಿಂದ ನುಡಿದ. "ಬಾಗಿಲ ಕಡೇದು ಲೈಟ್. ಅದ್ರಲ್ಲಿ ನಿನ್ನ ಬ್ರಷ್ಷಿನ ಗೆರೆ ಬೇರೆ ಕುಣೀತಿದೆ. ಮೇಸ್ತ್ರಿ ಆದ್ರೂ ಕೈ ಪಳಗ್ಲಿಲ್ಲವಲ್ಲೋ!"

ಮೇಸ್ತ್ರಿ ಗಹಗಹಿಸಿ ನಕ್ಕ. ಎದೆಯ ಮೇಲಿನ ಬಂಡೆ ಉರುಳಿದವನಂತೆ ಒಡನೆಯೇ ತಂಗಿಗೆ ಫೋನ್ ಹಚ್ಚಿದ. "ಭಾವನ ಕಣ್ಣು ಹದ್ದಿನ ಕಣ್ಣು ಕಣೇ! ಸುಮ್ನೆ ಹೆದರಿಸಿಬಿಟ್ಟೆ. ತಗೋ, ನೀನೇ ಕೇಳು."

ಚಾಚಿದ ಫೋನು ಪೇಂಟರನ ಕೈಗೆ ಎರಡನೆಯ ಸಲಕ್ಕೆ ಸಿಕ್ಕಿತು. ಮೇಸ್ತ್ರಿ ಆಗಲೇ ಬೆನ್ನು ತಿರುಗಿಸಿದ್ದ.

"ರೀ, ನಿಜವಾಗ್ಲೂ ಕಾಣಿಸ್ತಾ?" ಹೆಂಡತಿಯ ದನಿ ಇನ್ನೂ ನಡುಗುತ್ತಿತ್ತು. "ನನ್ನ ಮೇಲೆ ಆಣೆ ಇಟ್ಟು ಹೇಳಿ."

ಅವನ ಎದುರಿಗೆ ಗೋಡೆ ಇಡಿಯಾಗಿ ಒಂದೇ ಬಣ್ಣ.

"ನಿನ್ನಾಣೆ ಕಣೇ, ಕಾಣಿಸ್ತು," ಎಂದ. "ನಾಳೆ ಐದು ಗಂಟೆಗೇ ಎಬ್ಬಿಸು."