ಬರಿದನಿ

"ಈ ಪದ ಎಲ್ಲಿಂದ ತಂದೆ?" ಸೋಮಶೇಖರ್ ಕೇಳಿದ. ಆ ಸಣ್ಣ ಫ್ಲೆಕ್ಸ್ ಅಂಗಡಿಗೆ ಅವನ ದನಿ ಜೋರಾಯಿತು.

ನೆಲದ ಮೇಲೆ ಹಾಸಿದ್ದ ಫ್ಲೆಕ್ಸಿನಲ್ಲಿ ತೀರಿಹೋದ ಮುದುಕಿ ಪುಟ್ಟಬಸಮ್ಮ ವಿಭೂತಿ ಹಚ್ಚಿಕೊಂಡು ನಗುತ್ತಿದ್ದಳು. ಕೆಳಗೆ ಕೆಂಪಕ್ಷರ: ‘ಅವ್ವಾ, ನಿನ್ನ ಬರಿದನಿ ಮನೆ ತುಂಬಿದೆ.’

ಫ್ಲೆಕ್ಸ್ ಕಟ್ಟುವ ಮುಂಚೆ ಕಾಲೇಜಿನ ಕನ್ನಡ ಮೇಷ್ಟ್ರಾದ ಅವನಿಗೆ ತೋರಿಸುವುದು ಗುಂಡ್ಲುಪೇಟೆಯ ಈ ಬೀದಿಯಲ್ಲಿ ರೂಢಿ. ಹುಟ್ಟುಹಬ್ಬವಿರಲಿ, ಸಾವಿರಲಿ, ಅವನು ಹೂಂ ಅನ್ನಬೇಕು.

ಬರಿದನಿ ಅವನ ಪದ. ಹೆಂಡತಿ ದಾನೇಶ್ವರಿ ಸತ್ತ ಮೇಲೂ ಅಡುಗೆಮನೆಯಿಂದ ‘ಕಾಫಿ ಆರೋಯ್ತದೆ’ ಎನ್ನುತ್ತಿದ್ದಳು. ಆಳಿಲ್ಲದೆ ಉಳಿದ ಆ ದನಿಗೆ ಹೆಸರಿರಲಿಲ್ಲ. ಅವನೇ ಹುಟ್ಟಿಸಿದ. ಚಾಮರಾಜನಗರದ ಕವಿಗೋಷ್ಠಿಯಲ್ಲಿ ಓದಿದ. ಆ ಒಂದು ಪದಕ್ಕಾಗಿ ಅಧ್ಯಕ್ಷರು ಪದ್ಯವನ್ನು ಮತ್ತೊಮ್ಮೆ ಓದಿಸಿದರು. ಶಾಲು ಹೊದಿಸಿದರು.

"ವಾಟ್ಸಾಪಲ್ಲಿ ಬಂದಿತ್ತು ಸಾ," ಎಂದ ಅಂಗಡಿಯ ಕಿರಣ್ ಕುಮಾರ್. "ಚೆನ್ನಾಗದಲ್ವಾ?"

"ಯಾರದು ಅಂತ ಇರಲಿಲ್ವಾ?"

"ಪದಕ್ಯಾರು ಸಾ ಹೆಸ್ರಾಕ್ತಾರೆ?"

ಸೋಮಶೇಖರನ ಮೈ ಉರಿಯಿತು. ಕಳ್ಳರು. ಎಲ್ಲರೂ ಕಳ್ಳರು.

"ನಾನೇ ಆಕ್ಸ್ದೆ ಮೇಷ್ಟ್ರೆ," ಮೂಲೆಯ ಸ್ಟೂಲಿನಿಂದ ಶಿವಮಲ್ಲಪ್ಪ ಎದ್ದ. ಈರುಳ್ಳಿ ಮಂಡಿಯವನು, ಪುಟ್ಟಬಸಮ್ಮನ ಮಗ. "ಮಂಡಿಗೆ ಒಂಟ್ರೆ ‘ಬುತ್ತಿ ತಕಂಡ್ಯಾ ಮಗ’ ಅಂತದೆ ಅವ್ವ. ಇವತ್ತೂವೆ ಅಂತು. ಯಾರ್ಗೇಳನ, ಏನಂತೇಳನ ಅಂತಿದ್ದೆ. ವಾಟ್ಸಾಪಲ್ಲಿ ಈ ಪದ ನೋಡ್ದೆ. ಇದೇ ಕಣ ಅನ್ನಿಸ್ಬುಡ್ತು. ಅಮ್ಮಾರು ತೀರ್ಕಂಡ್ಮೇಲೆ ನಿಮ್ಗೂ ಅಂಗೇ ಕೇಳ್ತದಾ?"

"ಹೂಂ."

ಸುಳ್ಳು. ಶಾಲು ಹೊದ್ದು ಬಂದ ದಿನದಿಂದ ಅಡುಗೆಮನೆ ಸುಮ್ಮನಾಗಿತ್ತು. ಬೇಕೆಂದೇ ಕಾಫಿ ಆರಲು ಬಿಟ್ಟು ಕೂತಿದ್ದ. ಆ ಪದವನ್ನೇ ಕೂಗಿ ನೋಡಿದ್ದ, ನಾಚಿಕೆಗೆಟ್ಟು. ಅವನದೇ ಗಂಟಲು ಕೇಳಿತ್ತು. ಈ ಈರುಳ್ಳಿಯವನಿಗೆ ಮಾತ್ರ ಪುಕ್ಕಟೆ ಕೇಳುತ್ತದೆ!

"ತಪ್ಪು," ಎಂದ. "ಅಂಥ ಪದ ಕನ್ನಡದಲ್ಲೇ ಇಲ್ಲ."

"ಇಲ್ವಾ?"

"ಇಲ್ಲ. ನಾಳೆ ನಿಮ್ಮವ್ವನ ಶಿವಗಣಾರಾಧನೆಗೆ ಬಂದವರು ನಗ್ತಾರೆ."

ಶಿವಮಲ್ಲಪ್ಪನ ಮುಖ ಸಣ್ಣದಾಯಿತು. ಮೇಷ್ಟ್ರೇ ಹೇಳಿದ ಮೇಲೆ ಇನ್ನೇನು. ಕಿರಣ್ ಕುಮಾರ್ ಬಿಳಿ ಸ್ಟಿಕ್ಕರ್ ಕತ್ತರಿಸಿ ಆ ಪದದ ಮೇಲೆ ಅಂಟಿಸಿದ.

"ಬದ್ಲಿಗೆ ಏನ್ ಬರೀಲಿ ಸಾ?"

"ನೆನಪು ಅಂತ ಬರಿ."

"ನೆನಪಲ್ಲ ಕಣಪ್ಪ ಅದು," ಶಿವಮಲ್ಲಪ್ಪ ಮೆಲ್ಲಗೆಂದ. "ಏನೂ ಬ್ಯಾಡ ಬುಡು. ಖಾಲಿ ಇರ್ಲಿ."

ಗೆದ್ದೆ ಎಂದುಕೊಂಡು ಸೋಮಶೇಖರ್ ಹೊರಬಿದ್ದ. ಸಿಟ್ಟು ಮಾತ್ರ ಇಳಿಯಲಿಲ್ಲ.

ಸಂಜೆ ತೆರಕಣಾಂಬಿಯ ಬಸ್ಸಿಗೆ ನಿಂತಾಗ ಎದುರಿನ ಕಂಬಗಳಿಗೆ ಫ್ಲೆಕ್ಸ್ ಕಟ್ಟುತ್ತಿದ್ದರು. ಕೇರಳದ ಲಾರಿಗಳು ಹಾದಾಗೆಲ್ಲ ಅದು ಪಟಪಟ ಬಡಿದುಕೊಳ್ಳುತ್ತಿತ್ತು. ಕೆಳಗೆ ಹಗ್ಗ ಹಿಡಿದಿದ್ದ ಶಿವಮಲ್ಲಪ್ಪ ಥಟ್ಟನೆ ತಿರುಗಿದ. "ಬಂದೆ ಕಣವ್ವ," ಎಂದ, ಯಾರೂ ಇಲ್ಲದ ಕಡೆಗೆ.

ಸೋಮಶೇಖರ್ ಉಸಿರು ಬಿಗಿಹಿಡಿದು ಕಿವಿಗೊಟ್ಟ. ಬಸ್ಸು ಬಂತು, ಹಾರನ್ ಹೊಡೆಯಿತು, ಹೋಯಿತು. ಅವನು ಹತ್ತಲಿಲ್ಲ. ಮೇಲೆ ಮುದುಕಿ ನಗುತ್ತಿದ್ದಳು. ‘ಅವ್ವಾ, ನಿನ್ನ’ ಆದ ಮೇಲೆ ಒಂದು ಬಿಳಿ ಚೌಕ, ಆಮೇಲೆ ‘ಮನೆ ತುಂಬಿದೆ.’